ಮಲಯ ನಾಡಿನ ನೆಲದಾರಿ

(ನಾಯಂಡಹಳ್ಳಿಯಲ್ಲಿ ನಡೆದ ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾಯಂಡಹಳ್ಳಿಯವರ ಮುಂದೆ ಪ್ರಯಾಣದ ಮಾತನ್ನೆತ್ತುವುದು ಸ್ವಲ್ಪ ಧೈರ್ಯದ ಕೆಲಸವೇ ಸರಿ. ಮೈಸೂರು ರಸ್ತೆ, ಹೊರವರ್ತುಲ ರಸ್ತೆ, ಮೈಸೂರಿನ ರೈಲು ಹಳಿ, 2021ರ ಆಗಸ್ಟ್‌ನಲ್ಲಿ ಇಲ್ಲಿಗೆ ಬಂದ ಮೆಟ್ರೊ, ಎಲ್ಲವೂ ಕೂಡುವ ಊರಿದು. ಇಡೀ ನಾಡು ನಿಮ್ಮ ಮನೆಯ ಮುಂದಿನಿಂದಲೇ ಎಲ್ಲೆಲ್ಲಿಗೋ ಹೋಗುತ್ತದೆ. ಈಗ ನೀವೂ ಹೋಗುತ್ತಿದ್ದೀರಿ. 2023ರ ಡಿಸೆಂಬರ್‌ನಲ್ಲಿ ಮಲೇಷ್ಯಾ ಸರಕಾರವು ಭಾರತೀಯರಿಗೆ 30 ದಿನಗಳ ವೀಸಾ ರಿಯಾಯಿತಿ ಜಾರಿಗೆ ತಂದ ಬಳಿಕ ನಮ್ಮ ಕುಟುಂಬಗಳಲ್ಲಿ ಆ ದೇಶದ ಹೆಸರು ಆಗಾಗ ಕೇಳಿಬರುತ್ತಿದೆ. ಹಲಾಲ್ ಊಟಕ್ಕೆ ಪರದಾಡಬೇಕಾಗಿಲ್ಲ, ಹೋದಲ್ಲೆಲ್ಲ ಮಸೀದಿಯಿದೆ, ಐದು ಹೊತ್ತು ಅಝಾನ್ ಕೇಳಿಸುತ್ತದೆ. ಹೋಗಲು ಇವು ಒಳ್ಳೆಯ ಕಾರಣಗಳೇ.

ಆದರೆ ಹೋದವರು ಕಂಡದ್ದೇನು? 452 ಮೀಟರ್ ಎತ್ತರದ ಅವಳಿ ಗೋಪುರಗಳು, ಅಂಗಡಿ ಸಂಕೀರ್ಣಗಳು, ಬೆಟ್ಟದ ಮೇಲಿನ ಗೆಂಟಿಂಗ್. ಆ ಗೆಂಟಿಂಗ್‌ನ ಜೂಜುಕೇಂದ್ರಕ್ಕೆ ಮುಸ್ಲಿಮರ ಪ್ರವೇಶವನ್ನು ಅಲ್ಲಿನ ನಿಯಮವೇ ನಿಷೇಧಿಸಿದೆ. ಆದರೂ ನಮ್ಮ ಪ್ರವಾಸಿಗಳು ಅದರ ಹೊರಗೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ! ನಾವು ನಮ್ಮ ತಾಯಿ, ಪತ್ನಿ ಮತ್ತು ಸಹೋದರಿಯೊಡನೆ ಹೋದಾಗ ನೆಲದಾರಿಯನ್ನೇ ಆರಿಸಿಕೊಂಡೆವು. ಮಲಾಕದಿಂದ ಹೊರಟು, ಬಸ್ಸಿನಲ್ಲಿ ಮತ್ತು ರೈಲಿನಲ್ಲಿ, ಥಾಯ್ಲೆಂಡಿನ ಗಡಿಯವರೆಗೆ.

ಭೂಮಿಯಲ್ಲಿ ಸಂಚರಿಸಿ ನೋಡಬೇಕೆಂದು ಪವಿತ್ರ ಕುರ್‌ಆನ್ ಹಲವೆಡೆ ಕರೆ ನೀಡುತ್ತದೆ. ಆದರೆ ಅಲ್ಲೆಲ್ಲ ಸಾಮಾನ್ಯವಾಗಿ ನೋಡಬೇಕಾದದ್ದು ಜನಾಂಗಗಳ ಗತಿಯನ್ನು. ಅವು ಹೇಗೆ ಬಾಳಿದವು, ಏಕೆ ಅಳಿದವು ಎಂಬುದನ್ನು. ಮದ್ರಸಾದಲ್ಲಿ ಓದುವಾಗ ಈ ವ್ಯತ್ಯಾಸ ನಮಗೆ ಅಷ್ಟಾಗಿ ಹೊಳೆದಿರಲಿಲ್ಲ. ವಿಮಾನದಿಂದ ಜನಾಂಗಗಳ ಗತಿ ಕಾಣುವುದಿಲ್ಲ ಎಂಬುದು ಮಾತ್ರ ನೆಲದ ಮೇಲೆ ಹೋದಾಗ ತಿಳಿಯಿತು.

ಆ ನಾಡಿಗೆ ನಾವು ಅಪರಿಚಿತರೂ ಅಲ್ಲ. 14ನೇ ಶತಮಾನದಲ್ಲಿ ಇಬ್ನ್ ಬತೂತ ನಮ್ಮ ಹೊನ್ನಾವರಕ್ಕೆ ಬಂದರು. ಅಲ್ಲಿ ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳಿದ್ದುದನ್ನೂ, ಅಲ್ಲಿನ ಮಹಿಳೆಯರು ಕುರ್‌ಆನನ್ನು ಕಂಠಪಾಠ ಮಾಡಿದ್ದುದನ್ನೂ ಅವರು ದಾಖಲಿಸಿದ್ದಾರೆ. ಮಂಗಳೂರನ್ನೂ ಅವರು ಕಂಡರು. ಕೆಲವು ವರ್ಷಗಳ ನಂತರ ಸುಮಾತ್ರಾದ ಉತ್ತರ ತೀರದಲ್ಲಿದ್ದ, ಇಂದಿನ ಅಚೆ ಪ್ರಾಂತ್ಯಕ್ಕೆ ಸೇರಿದ ಸಮುದ್ರ ಎಂಬ ರಾಜ್ಯವನ್ನು ತಲುಪಿದರು. ಅಲ್ಲಿನ ಸುಲ್ತಾನ ಶಾಫಿಈ ಮದ್‌ಹಬಿನವರು. ಇಂದಿಗೂ ಮಲಯ ಜನರದ್ದು ಅದೇ ಮದ್‌ಹಬ್. ನಮ್ಮ ಭಟ್ಕಳದ್ದೂ ಮಂಗಳೂರಿನ ಬ್ಯಾರಿಗಳದ್ದೂ ಅದೇ. ಒಂದೇ ಸಮುದ್ರದ ಗಾಳಿ, ಒಂದೇ ವ್ಯಾಪಾರದ ಹಡಗುಗಳು ಎರಡೂ ತೀರಗಳನ್ನು ಬೆಸೆದಿದ್ದವು.

ಮಲಾಕದಲ್ಲಿ ನಿಂತರೆ ಇನ್ನೊಂದು ನಂಟು ನೆನಪಾಗುತ್ತದೆ. ಬಿಜಾಪುರದ ಆದಿಲ್ ಶಾಹಿಗಳಿಂದ 1510ರಲ್ಲಿ ಗೋವೆಯನ್ನು ಕಿತ್ತುಕೊಂಡ ಪೋರ್ಚುಗೀಸ್ ಅಧಿಪತಿ ಅಲ್ಬುಕರ್ಕ್, ಮರುವರ್ಷ 1511ರ ಆಗಸ್ಟ್‌ನಲ್ಲಿ ಮಲಾಕದ ಸುಲ್ತಾನರ ರಾಜಧಾನಿಯನ್ನು ಗೆದ್ದನು. ಗೋವೆಯ ದಾಳಿಯಲ್ಲಿ ಅವನಿಗೆ ನೆರವಾದವನು ಹೊನ್ನಾವರದ ತಿಮ್ಮಯ್ಯ ಎಂಬ ನಾವಿಕ ನಾಯಕ. ಮಲಾಕದ ಮಸೀದಿ ಮತ್ತು ಗೋರಿಗಳ ಕಲ್ಲುಗಳನ್ನು ಕೋಟೆ ಕಟ್ಟಲು ಬಳಸಲಾಯಿತು. ಆ ಕೋಟೆಯನ್ನು 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಕೆಡವಿದರು. ಈಗ ಉಳಿದಿರುವುದು ಒಂದು ಹೆಬ್ಬಾಗಿಲು ಮಾತ್ರ. ಮಕ್ಕಳು ಅದರೊಳಗೆ ಓಡಾಡುತ್ತಿದ್ದರು, ಬಾಗಿಲಲ್ಲಿ ಒಬ್ಬ ಮುದುಕ ಸಂಗೀತ ನುಡಿಸಿ ಕಾಸು ಕೇಳುತ್ತಿದ್ದ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಒಂದು ಓಣಿ. ಕಂಪುಂಗ್ ಕ್ಲಿಂಗ್ ಎಂಬ ಮಸೀದಿ 1748ರಲ್ಲಿ ಮರದಿಂದ ಕಟ್ಟಿದ್ದು. 1872ರಲ್ಲಿ ಇಟ್ಟಿಗೆಯಲ್ಲಿ ಮರುನಿರ್ಮಾಣವಾಯಿತು. ಅದಕ್ಕೆ ಗುಮ್ಮಟವಿಲ್ಲ. ಛಾವಣಿ ಸುಮಾತ್ರಾದ ರೀತಿಯಲ್ಲಿ ಅಂತಸ್ತು ಅಂತಸ್ತಾಗಿ ಏರುತ್ತದೆ, ಮಿನಾರ ಚೀನಿಯರ ಪಗೋಡದಂತಿದೆ. ಅದೇ ಓಣಿಯಲ್ಲಿ ವಿನಾಯಕನ ದೇವಾಲಯವಿದೆ, ಚೀನಿಯರ ಚೆಂಗ್ ಹೂನ್ ತೆಂಗ್ ಗುಡಿಯಿದೆ. ವಿನಾಯಕನ ಗುಡಿಯನ್ನು ಕಟ್ಟಿಸಿದ ಚೆಟ್ಟಿ ಸಮುದಾಯದವರು ತಮಿಳು ಮೂಲದ ಹಿಂದೂಗಳು, ಮನೆಯಲ್ಲಾಡುವ ಮಾತು ಮಲಯ. ಮಸೀದಿಯೆಂದರೆ ಹಸಿರು ಗುಮ್ಮಟ ಮತ್ತು ನಾಲ್ಕು ಮಿನಾರವೇ ಎಂದು ಹಠ ಹಿಡಿದು, ಹಳೆಯ ಹೆಂಚಿನ ಮಸೀದಿಗಳನ್ನು ಕೆಡವಿ ಚಂದಾ ಎತ್ತುವ ನಮ್ಮ ಕಮಿಟಿಗಳವರನ್ನು ಒಮ್ಮೆ ಆ ಅಂಗಳಕ್ಕೆ ಕರೆದೊಯ್ಯಬೇಕೆನಿಸಿತು.

ರಾಜಧಾನಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಎಲ್ಲರೂ ನೋಡುತ್ತಾರೆ. ಕೌಲಾಲಂಪುರ ಎಂದರೆ ಕೆಸರಿನ ಸಂಗಮ ಎಂದರ್ಥ. ಎರಡು ನದಿಗಳು ಕೂಡುವ ಆ ಜಾಗದಲ್ಲೇ 1909ರ ಜಾಮೆಕ್ ಮಸೀದಿ ನಿಂತಿದೆ. ಆ ನದಿಯನ್ನು ಶುದ್ಧಗೊಳಿಸಲು ಅಲ್ಲಿನ ಸರಕಾರ ದೊಡ್ಡ ಯೋಜನೆಯನ್ನೇ ಕೈಗೊಂಡಿತು. ದಡದಲ್ಲಿ ಜನ ಸಂಜೆ ಕುಳಿತಿರುತ್ತಾರೆ. ವೃಷಭಾವತಿಯ ಪಕ್ಕ ಮೂಗು ಮುಚ್ಚಿಕೊಂಡು ಬಾಳುವ ನಿಮಗೆ ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ನಾವು ಪಟ್ಟಣ ಬಿಟ್ಟು ಗೆಮಾಸ್ ಜಂಕ್ಷನ್‌ನಿಂದ ಪೂರ್ವ ತೀರದ ರೈಲು ಹಿಡಿದೆವು. 1931ರಲ್ಲಿ ಪೂರ್ಣಗೊಂಡ ಈ ಹಳಿ 500 ಕಿಲೋಮೀಟರಿಗೂ ಹೆಚ್ಚು ದೂರ, ಕಾಡು, ರಬ್ಬರ್ ತೋಟ, ತಾಳೆಯೆಣ್ಣೆಯ ತೋಟ ಹಾಗೂ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಕ್ಲಾಂತಾನ್ ರಾಜ್ಯಕ್ಕೆ ಸಾಗುತ್ತದೆ. ಯುದ್ಧಕಾಲದಲ್ಲಿ ಜಪಾನಿಯರು ಇದರ ಹಳಿಗಳನ್ನು ಕಿತ್ತು ಬರ್ಮಾ ರೈಲುಮಾರ್ಗಕ್ಕೆ ಒಯ್ದರು. ಹಳಿಗಳನ್ನಷ್ಟೇ ಅಲ್ಲ, ತೋಟಗಳಲ್ಲಿದ್ದ ಭಾರತೀಯ ಕೂಲಿಗಳನ್ನೂ ಒಯ್ದರು. ಅವರಲ್ಲಿ ಸಾವಿರಾರು ಮಂದಿ ಹಿಂದಿರುಗಲಿಲ್ಲ.

ಕ್ಲಾಂತಾನ್‌ನಲ್ಲಿ 1990ರಿಂದ ಇಸ್ಲಾಮೀ ಪಕ್ಷದ್ದೇ ಆಡಳಿತ. 2013ರವರೆಗೆ ಮುಖ್ಯಮಂತ್ರಿಯಾಗಿದ್ದ ನಿಕ್ ಅಬ್ದುಲ್ ಅಝೀಝ್ ನಮ್ಮ ದೇವಬಂದ್‌ನಲ್ಲಿ ಕಲಿತವರು. ಹಾಗಾದರೆ ಅಲ್ಲಿ ಮಹಿಳೆಯರು ಬೀದಿಯಲ್ಲಿ ಕಾಣಸಿಗುವುದಿಲ್ಲವೇನೋ ಎಂದು ನಮ್ಮಲ್ಲಿ ಅನೇಕರು ಊಹಿಸುತ್ತಾರೆ. ರಾಜಧಾನಿ ಕೋತ ಬಾರುವಿನ ದೊಡ್ಡ ಮಾರುಕಟ್ಟೆಯ ಹೆಸರು ಸಿತಿ ಖದೀಜಾ. ಪ್ರವಾದಿವರ್ಯರ(ಸ) ಪತ್ನಿ, ಸ್ವತಃ ವ್ಯಾಪಾರಿಯಾಗಿದ್ದ ಹಝ್ರತ್ ಖದೀಜಾ(ರ)ರ ಹೆಸರು. ಆ ಮಾರುಕಟ್ಟೆಯಲ್ಲಿ ಮಾರುವವರಲ್ಲಿ ಹೆಚ್ಚಿನವರು ಮಹಿಳೆಯರೇ. ತರಕಾರಿ, ಒಣಮೀನು, ಬಟ್ಟೆ, ಶಂಖಪುಷ್ಪದ ರಸದಲ್ಲಿ ನೀಲಿಯಾದ ಅನ್ನದ ಪೊಟ್ಟಣ. ತಲೆವಸ್ತ್ರ ತೊಟ್ಟು, ಎತ್ತರದ ಕಟ್ಟೆಯ ಮೇಲೆ ಕುಳಿತು, ಗಿರಾಕಿಯೊಡನೆ ಗಟ್ಟಿಯಾಗಿ ಚೌಕಾಸಿ ಮಾಡುತ್ತಾರೆ. "ಇವರ ಲೆಕ್ಕ ಯಾರು ನೋಡುತ್ತಾರೆ?" ಎಂದು ನಮ್ಮ ತಾಯಿ ಕೇಳಿದರು. ಅವರೇ ಎಂದೆವು. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ನಂತರ ಒಂದು ಪೊಟ್ಟಣ ಅನ್ನವನ್ನು, ನಮ್ಮ ಕೈಗೆ ದುಡ್ಡು ಕೊಡದೆ, ತಾವೇ ಕೊಂಡರು.

ಮಹ್ರಮ್ ಇಲ್ಲದೆ ಮಹಿಳೆ ಪ್ರಯಾಣ ಮಾಡಕೂಡದೆಂದು ಹೇಳುವವರನ್ನು ನಾವು ಬಲ್ಲೆವು. ವಿದ್ವಾಂಸರ ನಡುವೆ ಆ ಕುರಿತು ಚರ್ಚೆಯಿದೆ, ಅದಿರಲಿ. ಮಹ್ರಮ್ ಮನೆಯಲ್ಲೇ ಇದ್ದೂ ಆಕೆಯನ್ನು ಎಲ್ಲಿಗೂ ಕರೆದೊಯ್ಯದವರಿಗೆ ಯಾವ ಕಿತಾಬಿನಲ್ಲಿ ಆಧಾರವಿದೆ? ಅಲ್ಲಿನ ಹೆದ್ದಾರಿಗಳ ವಿಶ್ರಾಂತಿ ತಾಣಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ನಮಾಝ್ ಕೋಣೆ, ವುಝೂಗೆ ನೀರು, ತೊಡಲು ತೆಲೆಕುಂಗ್ ಎಂಬ ಬಿಳಿಯ ಉಡುಪು ಸಿದ್ಧವಿರುತ್ತವೆ. ಈ ನಾಯಂಡಹಳ್ಳಿಯಿಂದ ಮೈಸೂರಿಗೆ ಬಸ್ಸು ಹತ್ತಿದ ನಮ್ಮ ಸಹೋದರಿ ದಾರಿಯಲ್ಲಿ ಝುಹರ್ ನಿರ್ವಹಿಸಬೇಕಾದರೆ ಎಷ್ಟು ಮಸೀದಿಗಳು ಅವಳಿಗೆ ಬಾಗಿಲು ತೆರೆಯುತ್ತವೆ ಎಂದು ಎಣಿಸಿ ನೋಡಿ.

ಅಷ್ಟಕ್ಕೇ ಮರುಳಾಗಿ ಬರಬಾರದು. ಕ್ಲಾಂತಾನ್‌ನಲ್ಲಿ ತೊಗಲುಗೊಂಬೆಯ ಆಟವಿದೆ. ಮುಸ್ಲಿಮ್ ಸೂತ್ರಧಾರರೇ ತಲೆಮಾರುಗಳಿಂದ ರಾಮ ರಾವಣರ ಕಥೆಯನ್ನು ಪರದೆಯ ಮೇಲೆ ಆಡಿಸುತ್ತಾ ಬಂದಿದ್ದಾರೆ. ನಮ್ಮ ಬಯಲುಸೀಮೆಯ ತೊಗಲುಗೊಂಬೆಯಾಟವನ್ನು ಬಲ್ಲವರಿಗೆ ಅದು ಪರಕೀಯವೆನಿಸದು. ಮಾಕ್ ಯೋಂಗ್ ಎಂಬ, ಹೆಚ್ಚಾಗಿ ಮಹಿಳೆಯರೇ ನಟಿಸುವ ನಾಟ್ಯಪ್ರಕಾರವೂ ಇದೆ. ಅದನ್ನು ಅಲ್ಲಿನ ಸರಕಾರ 1991ರಲ್ಲಿ ನಿಷೇಧಿಸಿತು; 2005ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯೆಂದು ಸಾರಿತು; 2019ರಲ್ಲಿ ಷರತ್ತುಗಳೊಂದಿಗೆ ನಿಷೇಧ ಸಡಿಲವಾಯಿತು. ಕಲಾವಿದೆಯರ ಒಂದು ತಲೆಮಾರು ಅಷ್ಟರಲ್ಲಿ ಮುದಿಯಾಗಿತ್ತು.

ಅಲ್ಪಸಂಖ್ಯಾತರಾದ ನಾವು ನಮ್ಮ ಧರ್ಮದವರೇ ಬಹುಸಂಖ್ಯಾತರಾದ ನಾಡಿಗೆ ಹೋದಾಗ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಅಲ್ಲಿನ ಅಲ್ಪಸಂಖ್ಯಾತರು ಹೇಗಿದ್ದಾರೆ? ಇಪೋ ಪಟ್ಟಣದ ಶಿಕ್ಷಕಿ ಇಂದಿರಾ ಗಾಂಧಿ ಎಂಬ ಹಿಂದೂ ಮಹಿಳೆಯ ಪತಿ 2009ರಲ್ಲಿ ಇಸ್ಲಾಮ್ ಸ್ವೀಕರಿಸಿ, ತಾಯಿಯ ಒಪ್ಪಿಗೆಯಿಲ್ಲದೆ ಮೂವರು ಮಕ್ಕಳ ಧರ್ಮವನ್ನೂ ಬದಲಿಸಿ, ಇನ್ನೂ ವರ್ಷ ತುಂಬದ ಮಗಳನ್ನು ಎತ್ತಿಕೊಂಡು ಹೋದನು. ಆ ಮತಾಂತರ ಅಸಿಂಧುವೆಂದು ಫೆಡರಲ್ ನ್ಯಾಯಾಲಯವು 2018ರ ಜನವರಿಯಲ್ಲಿ ತೀರ್ಪಿತ್ತಿತು. ತೀರ್ಪಿನ ನಂತರವೂ ಆ ತಾಯಿ ಮಗಳಿಗಾಗಿ ವರ್ಷಗಟ್ಟಲೆ ಕಾದರು. ಧರ್ಮದಲ್ಲಿ ಬಲವಂತವಿಲ್ಲವೆಂದು ಇಲ್ಲಿ ಭಾಷಣ ಮಾಡುವ ನಾವು ಅಲ್ಲಿನ ಆ ತಾಯಿಯ ಪರ ಮಾತನಾಡದಿದ್ದರೆ ನಮ್ಮ ಭಾಷಣಕ್ಕೆ ಬೆಲೆಯೇನು? ನ್ಯಾಯದ ತಕ್ಕಡಿ ಊರಿಗೊಂದು ಇರಲಾಗದು.

ಕ್ಲಾಂತಾನ್‌ನಿಂದ ಬೆಟ್ಟಗಾಡು ದಾಟಿ ಪಶ್ಚಿಮಕ್ಕೆ ಬರಲು 1982ರಲ್ಲಿ ತೆರೆದ ಹೆದ್ದಾರಿಯಿದೆ. ಆನೆ ಅಡ್ಡ ಬಂದೀತೆಂದು ಎಚ್ಚರಿಸುವ ಫಲಕಗಳು, ಮಂಜು, ನಡುವೆ ವಿಶಾಲ ಸರೋವರ. ನಾಗರಹೊಳೆಯ ದಾರಿ ಕಂಡವರಿಗೆ ಪರಿಚಿತ ಭಯ. ಆ ದಾರಿ ಮುಗಿದು ಪೆನಾಂಗ್ ದ್ವೀಪದ ಎದುರಿನ ಬಯಲಿಗೆ ಬಂದಾಗ, ಸಹೋದರರೇ, ಈ ಮೈಸೂರು ರಸ್ತೆ ನೆನಪಾಯಿತು. ಆ ಬಯಲಿಗೆ ಬ್ರಿಟಿಷರು ಇಟ್ಟಿದ್ದ ಹೆಸರು ವೆಲ್ಲೆಸ್ಲಿ ಪ್ರಾಂತ್ಯ. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯ ಹೆಸರದು. ಮರುವರ್ಷವೇ ಆ ಭೂಮಿ ಕೆಡಾ ಸುಲ್ತಾನರ ಕೈತಪ್ಪಿತು. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ 1797ರಲ್ಲಿ ತನ್ನ ಪಡೆಯೊಡನೆ ಪೆನಾಂಗಿನಲ್ಲಿದ್ದ. ಮನಿಲಾ ದಂಡಯಾತ್ರೆ ರದ್ದಾಗಿ ಮರಳಿದವನು ಎರಡು ವರ್ಷಗಳಲ್ಲಿ ಶ್ರೀರಂಗಪಟ್ಟಣದ ಕೋಟೆಯೆದುರು ನಿಂತಿದ್ದ. ಪೆನಾಂಗಿನ ಕಾಪಿತಾನ್ ಕ್ಲಿಂಗ್ ಮಸೀದಿಯನ್ನು ಭಾರತದಿಂದ ಹೋದ ಮುಸ್ಲಿಮ್ ವರ್ತಕರು ಕಟ್ಟಿದ್ದು ಇದೇ ಕಾಲದಲ್ಲಿ, 1801ರಲ್ಲಿ.

ಕೊನೆಯ ನಿಲ್ದಾಣ ಪಾದಾಂಗ್ ಬೆಸಾರ್. ರೈಲಿನಿಂದಿಳಿದು ಒಂದೇ ಕಟ್ಟಡದಲ್ಲಿ ಎರಡೂ ದೇಶಗಳ ಮುದ್ರೆ ಹಾಕಿಸಿಕೊಳ್ಳಬಹುದು. ಪಾಸ್‌ಪೋರ್ಟ್ ಇದ್ದವನಿಗೆ ಗಡಿಯೆಂದರೆ ಒಂದು ಕಿಟಕಿಯಷ್ಟೇ. ಅಲ್ಲಿಂದ ಬಹಳ ದೂರವಲ್ಲದ ವಾಂಗ್ ಕೆಲಿಯನ್ ಬೆಟ್ಟದ ಕಾಡಿನಲ್ಲಿ 2015ರ ಮೇ ತಿಂಗಳಲ್ಲಿ ಮಾನವ ಕಳ್ಳಸಾಗಣೆಯ 28 ಶಿಬಿರಗಳೂ 139 ಗೋರಿಗಳೂ ಪತ್ತೆಯಾದವೆಂದು ಮಲೇಷ್ಯಾ ಪೊಲೀಸರು ಪ್ರಕಟಿಸಿದರು. ಅವರು ಬರ್ಮಾದಿಂದ ಓಡಿ ಬಂದ ರೋಹಿಂಗ್ಯಾಗಳು ಮತ್ತು ಬಾಂಗ್ಲಾದೇಶದ ಬಡವರು. ನಾವು ಕಿಟಕಿಯ ಪಕ್ಕ ಕುಳಿತು ನೋಡಿದ ಹಸಿರು ಗುಡ್ಡಗಳನ್ನು ಅವರೂ ನೆಲದಾರಿಯಲ್ಲೇ ದಾಟುತ್ತಿದ್ದರು. ಮನೆಯವರಿಂದ ಹಣ ಬರುವವರೆಗೆ ಅವರನ್ನು ಬೇಲಿಯೊಳಗೆ ಕೂಡಿಹಾಕಲಾಗುತ್ತಿತ್ತು. 2017ರಲ್ಲಿ ಥಾಯ್ ನ್ಯಾಯಾಲಯವು ಈ ಜಾಲದ 62 ಮಂದಿಗೆ ಶಿಕ್ಷೆ ವಿಧಿಸಿತು; ಅವರಲ್ಲೊಬ್ಬ ಸೇನೆಯ ಲೆಫ್ಟಿನೆಂಟ್ ಜನರಲ್. ಮುಸ್ಲಿಮ್ ಬಹುಸಂಖ್ಯಾತ ನಾಡಿನ ನೆಲದಲ್ಲೇ ಇದು ನಡೆಯಿತು ಎಂಬುದನ್ನು ನಾವು ನುಂಗಿಕೊಳ್ಳಬಾರದು. ಸತ್ತವರಿಗೆ ಆ ಕಾಡಿನಲ್ಲಿ ಜನಾಝ ನಮಾಝ್ ಆಯಿತೋ ಇಲ್ಲವೋ ಎಂದು ನಮ್ಮ ತಾಯಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಅದೇ ಮೇ ತಿಂಗಳಲ್ಲಿ, ಸರಕಾರಗಳು ರೋಹಿಂಗ್ಯಾಗಳ ದೋಣಿಗಳನ್ನು ಸಮುದ್ರಕ್ಕೆ ಮರಳಿ ತಳ್ಳುತ್ತಿದ್ದಾಗ, ಜಲಸಂಧಿಯ ಆಚೆ ಬದಿಯ ಅಚೆಯ ಮೀನುಗಾರರು ನೂರಾರು ಮಂದಿಯನ್ನು ತಮ್ಮ ದೋಣಿಗಳಲ್ಲಿ ದಡಕ್ಕೆ ತಂದರು. ಇಬ್ನ್ ಬತೂತ ಬಂದಿಳಿದ ಅಚೆ ಅದೇ. 2023ರ ಡಿಸೆಂಬರ್‌ನಲ್ಲಿ ಅದೇ ಅಚೆಯ ರಾಜಧಾನಿಯಲ್ಲಿ ವಿದ್ಯಾರ್ಥಿಗಳ ಗುಂಪೊಂದು ರೋಹಿಂಗ್ಯಾ ಮಹಿಳೆಯರೂ ಮಕ್ಕಳೂ ತಂಗಿದ್ದ ಸಭಾಭವನದ ನೆಲಮಾಳಿಗೆಗೆ ನುಗ್ಗಿ ಅವರನ್ನು ಹೊರಗಟ್ಟಿತು. ಮೀನುಗಾರನೂ ಮುಸ್ಲಿಮನೇ, ವಿದ್ಯಾರ್ಥಿಯೂ ಮುಸ್ಲಿಮನೇ.

ಮಗ್ರಿಬ್‌ಗೆ ಇನ್ನು ಸ್ವಲ್ಪವೇ ಸಮಯವಿದೆ. ದಾರಿ, ಬಸ್ಸು, ರೈಲು, ಖರ್ಚಿನ ಬಗ್ಗೆ ಕೇಳುವುದಿದ್ದರೆ ಈಗ ಕೇಳಬಹುದು. ಮೊದಲ ಪ್ರಶ್ನೆ ಸಹೋದರಿಯರ ಕಡೆಯಿಂದ ಬರಲಿ.