ದೊಡ್ಡ ಪಂಪ್ ಹಾಕಿದ್ರೆ ಆಯ್ತಾ? 500 ಎಚ್‌ಪಿ ಕಾರಿನ ಪೆಟ್ರೋಲ್ ಲೆಕ್ಕ



ಟರ್ಬೋ, ಇಂಟರ್‌ಕೂಲರ್, ಎಕ್ಸಾಸ್ಟ್ ಅಂತ ಬಂದರೆ ನಮ್ಮ ಜನ ಗಂಟೆಗಟ್ಟಲೆ ಮಾತಾಡ್ತಾರೆ. ಫ್ಯೂಯಲ್ ಪಂಪ್ ಅಂದ ತಕ್ಷಣ, "ಅದೇನ್ರೀ, ದೊಡ್ಡದೊಂದು ಹಾಕಿದ್ರೆ ಆಯ್ತಲ್ಲ" ಅಂತ ಮುಗಿಸಿಬಿಡ್ತಾರೆ. ಇವತ್ತು ಆ "ದೊಡ್ಡದೊಂದು" ಎಷ್ಟು ದೊಡ್ಡದು, ಅದರಿಂದ ಏನು ಲಾಭ, ಏನು ತೊಂದರೆ ಅಂತ ನೋಡೋಣ. ಎಂಜಿನ್‌ಗೆ ಗಾಳಿ ಜಾಸ್ತಿ ಕೊಟ್ಟು ಪೆಟ್ರೋಲ್ ಕಮ್ಮಿ ಆದರೆ ಕಾರು ನಿಧಾನ ಆಗಲ್ಲ, ಪಿಸ್ಟನ್ ಕರಗುತ್ತೆ. ಫುಲ್ ಬೂಸ್ಟ್‌ನಲ್ಲಿ ಅದಕ್ಕೆ ಕೆಲವೇ ಸೆಕೆಂಡ್ ಸಾಕು.

ಒಂದು ನಿಜವಾದ ಕಾರನ್ನೇ ತಗೊಳ್ಳೋಣ. ಇಲ್ಲಿ ಹೈದರಾಬಾದಿನಲ್ಲಿ ನನ್ನ ಗೆಳೆಯನ ಹತ್ತಿರ ಮಿತ್ಸುಬಿಷಿ ಲ್ಯಾನ್ಸರ್ ಎವೊ ಟೆನ್ ಇದೆ. 2010ರಲ್ಲಿ ಭಾರತಕ್ಕೆ ಬಂದ ಕಾರು, 2.0 ಲೀಟರ್ ಟರ್ಬೋ, ಕಂಪನಿಯಿಂದ ಬಂದಾಗ ಸುಮಾರು 290 ಎಚ್‌ಪಿ. ಅವನಿಗೆ 500 ಬೇಕು. ಟರ್ಬೋ, ಇಂಜೆಕ್ಟರ್ ಎಲ್ಲ ಬಂದಾಗಿದೆ, ಉಳಿದದ್ದು ಪಂಪ್. ಆದರೆ ಇದು ಟ್ರೈಲರ್ ಮೇಲೆ ಟ್ರ್ಯಾಕ್‌ಗೆ ಹೋಗೋ ಕಾರಲ್ಲ. ಗಚ್ಚಿಬೌಲಿ ಟ್ರಾಫಿಕ್‌ನಲ್ಲಿ ಎಸಿ ಹಾಕ್ಕೊಂಡು ನಿಲ್ಲಬೇಕು, ತಿಂಗಳಿಗೊಮ್ಮೆ ಜಹೀರಾಬಾದ್ ದಾಟಿ ಬೀದರಿಗೆ ಅಪ್ಪ ಅಮ್ಮನ ನೋಡೋಕೆ ಹೋಗಬೇಕು. ಇದನ್ನ ನೆನಪಿಟ್ಕೊಳ್ಳಿ, ಕೊನೆಗೆ ನಿರ್ಧಾರ ಆಗೋದು 500 ಅನ್ನೋ ಸಂಖ್ಯೆಯಿಂದ ಅಲ್ಲ, ಇದರಿಂದ.

ಮೊದಲು ಎಂಜಿನ್ ಎಷ್ಟು ಕುಡಿಯುತ್ತೆ ನೋಡೋಣ. ಟರ್ಬೋ ಪೆಟ್ರೋಲ್ ಎಂಜಿನ್ ಪೂರ್ತಿ ಲೋಡ್‌ನಲ್ಲಿ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು 0.27 ಕಿಲೋ ಪೆಟ್ರೋಲ್ ಸುಡುತ್ತೆ ಅಂತ ಹಿಡಿಯೋದು ರೂಢಿ. ಟರ್ಬೋ ಇಲ್ಲದ ಎಂಜಿನ್ ಸ್ವಲ್ಪ ಕಮ್ಮಿ ಸುಡುತ್ತೆ. ಟರ್ಬೋದಲ್ಲಿ ಒಳಗಿನ ಬಿಸಿ ಇಳಿಸೋಕೆ ಮಿಶ್ರಣವನ್ನ ಬೇಕಂತಲೇ ದಪ್ಪ ಇಡ್ತೀವಿ, ಅದಕ್ಕೆ ಈ ಹೆಚ್ಚುವರಿ. 500 ಎಚ್‌ಪಿಗೆ ಗಂಟೆಗೆ 136 ಕಿಲೋ ಆಯ್ತು. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕಿಲೋ ತೂಗುತ್ತೆ, ಅಂದರೆ ಗಂಟೆಗೆ ಸುಮಾರು 181 ಲೀಟರ್.

ಇದು ಶುದ್ಧ ಪೆಟ್ರೋಲಿನ ಲೆಕ್ಕ, ನಮ್ಮ ಬಂಕಿನಲ್ಲಿ ಸಿಗೋದು ಇ20. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಅದನ್ನ ಬಿಡುಗಡೆ ಮಾಡಿದ್ದು. ಎಥನಾಲ್‌ನಲ್ಲಿ ಲೀಟರಿಗೆ ಶಕ್ತಿ ಕಮ್ಮಿ, ಹಾಗಾಗಿ ಇ20ಯಲ್ಲಿ ಅಷ್ಟೇ ಕೆಲಸಕ್ಕೆ ಸುಮಾರು 7 ಪರ್ಸೆಂಟ್ ಜಾಸ್ತಿ ಬೇಕು. 181 ಈಗ 195 ಹತ್ತಿರ ಬಂತು. ಪಂಪ್ ಹಳೇದಾಗುತ್ತೆ, ಫಿಲ್ಟರ್ ಕಟ್ಟುತ್ತೆ ಅಂತ ಮೇಲೆ 20 ಪರ್ಸೆಂಟ್ ಇಟ್ಟರೆ ಸುಮಾರು 235 ಲೀಟರ್.

ಇಲ್ಲಿಗೆ ಎಲ್ಲರೂ ಖುಷಿ. ವಾಲ್‌ಬ್ರೋ 255 ಅಂತ ಹೆಸರುವಾಸಿ ಪಂಪ್ ಇದೆ, 255 ಅಂದರೆ 235ಕ್ಕಿಂತ ಜಾಸ್ತಿ, ಮುಗೀತು ಕಥೆ. ಆದರೆ ಆ 255 ಅನ್ನೋದು ಎಷ್ಟು ಪ್ರೆಶರ್‌ನಲ್ಲಿ, ಎಷ್ಟು ವೋಲ್ಟ್‌ನಲ್ಲಿ ಅಂತ ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದಿರಲ್ಲ. ಇಂಥ ಸಂಖ್ಯೆಗಳು ಸಾಮಾನ್ಯವಾಗಿ 40 ಪಿಎಸ್‌ಐ, ಅಂದರೆ 2.8 ಬಾರ್ ಹತ್ತಿರ ಅಳೆದಿದ್ದು, 13.5 ವೋಲ್ಟ್ ಕೊಟ್ಟು. ನಮ್ಮ ಕಾರು ಎರಡನ್ನೂ ಕೊಡಲ್ಲ.

ಪ್ರೆಶರ್ ನೋಡಿ. ಇಂಜೆಕ್ಟರ್ ಹಿಂದೆ ಮೂಲ ಪ್ರೆಶರ್ 3 ಬಾರ್. ಇಂಜೆಕ್ಟರ್‌ನ ಬಾಯಿ ಇರೋದು ಇನ್‌ಟೇಕ್ ಒಳಗೆ, ಅಲ್ಲಿ ಬೂಸ್ಟ್ 1.7 ಬಾರ್ ಇದ್ದರೆ ಅದು ಪೆಟ್ರೋಲನ್ನ ವಾಪಸ್ ತಳ್ಳುತ್ತೆ. ಅದಕ್ಕೇ ರೆಗ್ಯುಲೇಟರ್‌ಗೆ ಒಂದು ವ್ಯಾಕ್ಯೂಮ್ ಪೈಪು ಇರೋದು. ಬೂಸ್ಟ್ ಎಷ್ಟು ಏರುತ್ತೋ ಅಷ್ಟೇ ಪೆಟ್ರೋಲ್ ಪ್ರೆಶರನ್ನೂ ಅದು ಏರಿಸುತ್ತೆ. ಅಂದರೆ ಪಂಪ್ ಈಗ 4.7 ಬಾರ್ ವಿರುದ್ಧ ತಳ್ಳಬೇಕು. ನಿಮಗೆ ಅತಿ ಹೆಚ್ಚು ಪೆಟ್ರೋಲ್ ಬೇಕಾದ ಆ ಕ್ಷಣದಲ್ಲೇ ಪಂಪ್ ಅತಿ ಕಮ್ಮಿ ಕೊಡೋ ಸ್ಥಿತಿಯಲ್ಲಿರುತ್ತೆ. ಹೆಸರಿಗೆ 255 ಇರೋದು ಅಲ್ಲಿ 200ರ ಆಸುಪಾಸಿಗೆ ಬಂದು ಕೂರುತ್ತೆ. ನಮಗೆ ಬೇಕಾಗಿರೋದು 235. ಹೆಸರು ನೋಡಿ ಪಂಪ್ ತಗೋಬೇಡಿ, ಪ್ರೆಶರ್ ವಿರುದ್ಧ ಲೀಟರ್ ತೋರಿಸೋ ಗ್ರಾಫ್ ಕೇಳಿ. ಗ್ರಾಫ್ ಕೊಡಲ್ಲ ಅನ್ನೋ ಮಾರಾಟಗಾರನ ಹತ್ತಿರ ಪಂಪನ್ನೂ ತಗೋಬೇಡಿ, ಹೆಸರಾಂತ ಪಂಪುಗಳ ನಕಲಿ ಬೇಕಾದಷ್ಟು ಓಡಾಡ್ತಿವೆ.

ಇನ್ನು ವೋಲ್ಟೇಜ್. ಹಳೇ ವೈರು ಸಣ್ಣ ಪಂಪಿಗಾಗಿ ಹಾಕಿದ್ದು. ದೊಡ್ಡ ಪಂಪ್ 15 ಆಂಪಿಯರ್ ಎಳೆಯುತ್ತೆ ಅನ್ನಿ. ಬ್ಯಾಟರಿಯಿಂದ ಹಿಂದಿನ ಟ್ಯಾಂಕಿಗೆ 5 ಮೀಟರ್, ವೈರು 1.5 ಚದರ ಮಿಲಿಮೀಟರ್ ಇದ್ದರೆ ಅದೊಂದರಲ್ಲೇ 0.9 ವೋಲ್ಟ್ ಹೋಯ್ತು. ಹಳೇ ರಿಲೇ, ನಾಲ್ಕು ಕನೆಕ್ಟರ್, ತುಕ್ಕು ಹಿಡಿದ ಅರ್ತ್ ಪಾಯಿಂಟ್ ಸೇರಿಸಿದರೆ ಪಂಪಿಗೆ 12 ವೋಲ್ಟ್ ಸಿಕ್ಕರೆ ಪುಣ್ಯ. 12 ವೋಲ್ಟ್‌ನಲ್ಲಿ ಪಂಪ್ ನಿಧಾನ ತಿರುಗುತ್ತೆ, ಗ್ರಾಫ್ ಇನ್ನೂ ಕೆಳಗೆ ಹೋಗುತ್ತೆ. 4 ಚದರ ಮಿಲಿಮೀಟರ್ ವೈರು ಎಳೆದರೆ ಅದೇ ನಷ್ಟ 0.33 ವೋಲ್ಟ್‌ಗೆ ಇಳಿಯುತ್ತೆ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಹೊಸ ರಿಲೇ, ಹಳೇ ಪಂಪ್ ವೈರು ಆ ರಿಲೇಯನ್ನ ಆನ್ ಮಾಡೋಕೆ ಮಾತ್ರ. ಇಡೀ ಕೆಲಸದಲ್ಲಿ ಅತ್ಯಂತ ಅಗ್ಗದ್ದು ಇದು, ಜನ ಬಿಡೋದೂ ಇದನ್ನೇ. ಟ್ಯಾಂಕಿನ ಮುಚ್ಚಳದಲ್ಲಿರೋ ಕನೆಕ್ಟರ್ ಮರೀಬೇಡಿ, ಜಾಸ್ತಿ ಕರೆಂಟಿಗೆ ಅದರ ಪ್ಲಾಸ್ಟಿಕ್ ಕರಗುತ್ತೆ. ಅದರ ಕೆಳಗಿರೋದು ಪೆಟ್ರೋಲ್ ಟ್ಯಾಂಕ್.

ಇಲ್ಲಿಗೆ ಬಂದಾಗ ಗೆಳೆಯ ಕೇಳಿದ, "ಹಂಗಾರ ಎರಡು 450 ಹಾಕಿಬಿಡೋಣಲ್ಲೋ, ಜಾಸ್ತಿ ಆದ್ರ ಏನಾಗ್ತದ? ವಾಪಸ್ ಟ್ಯಾಂಕಿಗೇ ಹೋಗ್ತದಲ್ಲ?"

ವಾಪಸ್ ಹೋಗುತ್ತೆ, ಆದರೆ ಬಿಸಿಯಾಗಿ ಹೋಗುತ್ತೆ. ಎಂಜಿನ್ ಐಡಲ್‌ನಲ್ಲಿ ಗಂಟೆಗೆ ಸುಮಾರು 1 ಲೀಟರ್ ಸುಡುತ್ತೆ. 340 ಲೀಟರಿನ ಪಂಪ್ ಓಡ್ತಿದ್ದರೆ ಉಳಿದ 339 ಲೀಟರ್ ಸುಮ್ಮನೆ ಸುತ್ತು ಹೊಡೀತಾ ಇರುತ್ತೆ. ಟ್ಯಾಂಕಿನಲ್ಲಿ 15 ಲೀಟರ್ ಉಳಿದಿದ್ದರೆ ಅಷ್ಟೂ ಪೆಟ್ರೋಲ್ ಮೂರು ನಿಮಿಷದೊಳಗೆ ಒಮ್ಮೆ ಎಂಜಿನ್ ಹತ್ತಿರ ಹೋಗಿ ಬಂದಾಯ್ತು. ಪಂಪಿನ ಮೋಟರ್ ಪೆಟ್ರೋಲಲ್ಲೇ ಮುಳುಗಿರುತ್ತೆ. ಅದು ಐಡಲ್‌ನಲ್ಲಿ 120 ವ್ಯಾಟ್ ತಿಂದರೆ, ಬಹುಪಾಲು ಮೋಟರಿನ ಬಿಸಿಯಾಗಿ, ಉಳಿದದ್ದು ರೆಗ್ಯುಲೇಟರ್‌ನಲ್ಲಿ ಪ್ರೆಶರ್ ಇಳಿಯುವಾಗ ಬಿಸಿಯಾಗಿ, ಅಷ್ಟೂ ಪೆಟ್ರೋಲಿಗೇ ಸೇರುತ್ತೆ. ಲೆಕ್ಕ ಹಾಕಿದೆ: 15 ಲೀಟರ್, ಅರ್ಧ ಗಂಟೆ ಟ್ರಾಫಿಕ್, ಬಿಸಿ ಹೊರಗೆ ಹೋಗಲ್ಲ ಅಂತ ಹಿಡಿದರೆ ಸುಮಾರು 9 ಡಿಗ್ರಿ ಏರಿಕೆ. ಎಂಜಿನ್ ಬೇಯಲ್ಲಿ ಹೀರಿಕೊಳ್ಳೋ ಬಿಸಿ ಬೇರೆ. ಮೇ ತಿಂಗಳಲ್ಲಿ ಹೈದರಾಬಾದಿನ ರಸ್ತೆ ಮೇಲೆ ಪೆಟ್ರೋಲ್ 40 ಡಿಗ್ರಿಯಿಂದಲೇ ಶುರು ಆಗುತ್ತೆ. ಪೆಟ್ರೋಲಿನ ಹಗುರ ಅಂಶಗಳು ಆವಿ ಆಗೋಕೆ ಶುರುವಾಗೋದೂ ಅಲ್ಲೇ ಎಲ್ಲೋ. ಪಂಪಿನ ಬಾಯಲ್ಲಿ ಪ್ರೆಶರ್ ಕಮ್ಮಿ ಇರೋದ್ರಿಂದ ಗುಳ್ಳೆ ಮೊದಲು ಏಳೋದು ಅಲ್ಲಿ. ಗುಳ್ಳೆ ಹೀರಿದ ಪಂಪ್ ಕೂಗುತ್ತೆ, ಲೀಟರ್ ಕಮ್ಮಿ ಕೊಡುತ್ತೆ, ಬೇಗ ಸವೆಯುತ್ತೆ. ಎರಡು ದೊಡ್ಡ ಪಂಪ್ ಸದಾ ಓಡಿದರೆ ಈ ಎಲ್ಲವನ್ನೂ ಎರಡರಿಂದ ಗುಣಿಸಿ. ಡ್ರ್ಯಾಗ್ ಕಾರಿಗೆ ಇದು ತೊಂದರೆಯೇ ಅಲ್ಲ, ಅದು ಓಡೋದು ಹತ್ತು ಸೆಕೆಂಡ್.

ಇನ್ನೊಂದು, ಕಂಪನಿಯ ರೆಗ್ಯುಲೇಟರ್ ಮತ್ತು ರಿಟರ್ನ್ ಪೈಪು ಅಷ್ಟು ಪೆಟ್ರೋಲ್ ವಾಪಸ್ ಬಿಡೋಕೆ ಆಗಲ್ಲ. ಐಡಲ್‌ನಲ್ಲಿ ಪ್ರೆಶರ್ ಇಳಿಯಬೇಕಾದಷ್ಟು ಇಳಿಯಲ್ಲ, ಕಾರು ಗಬ್ಬು ಪೆಟ್ರೋಲ್ ವಾಸನೆ ಹೊಡೆಯುತ್ತೆ. ಆಲ್‌ವೀಲ್ ಡ್ರೈವ್ ಕಾರುಗಳಲ್ಲಿ ಟ್ಯಾಂಕ್ ಕುದುರೆ ತಡಿ ಥರ ಎರಡು ಗುಂಡಿ ಇರೋದು ಸಾಮಾನ್ಯ, ವಾಪಸ್ ಬರೋ ಪೆಟ್ರೋಲಿನ ವೇಗದಿಂದಲೇ ಆ ಕಡೆಯ ಗುಂಡಿಯಿಂದ ಈ ಕಡೆಗೆ ಎಳೆಯೋ ಪುಟ್ಟ ಜೆಟ್ ಇರುತ್ತೆ. ರಿಟರ್ನ್ ಲೈನ್ ಬದಲಾಯಿಸೋ ಉತ್ಸಾಹದಲ್ಲಿ ಅದನ್ನ ಕಿತ್ತರೆ ಅರ್ಧ ಟ್ಯಾಂಕ್ ತೋರಿಸ್ತಾ ಇರುವಾಗಲೇ ಪಂಪ್ ಒಣಗುತ್ತೆ.

ಹಾಗಾದರೆ ಇರೋ ದಾರಿಗಳು ಯಾವುವು? ಒಂದು ಮಧ್ಯಮ ಗಾತ್ರದ ಪಂಪ್. ಅಥವಾ ಎರಡು, ಮೊದಲನೆಯದು ಸದಾ ಓಡುತ್ತೆ, ಎರಡನೆಯದು ಬೂಸ್ಟ್ ಬಂದಾಗ ಮಾತ್ರ ಆನ್ ಆಗುತ್ತೆ. ಅಥವಾ ವೇಗ ಬದಲಾಯಿಸೋ ಕಂಟ್ರೋಲರ್ ಜೊತೆ ಬ್ರಷ್‌ಲೆಸ್ ಪಂಪ್. ತಾಂತ್ರಿಕವಾಗಿ ಕೊನೆಯದು ಅತಿ ಚಂದ, ಐಡಲ್‌ನಲ್ಲಿ ನಿಧಾನ, ಬಿಸಿ ಕಮ್ಮಿ. ಆದರೆ ಪಂಪ್, ಕಂಟ್ರೋಲರ್, ಕಸ್ಟಮ್ಸ್ ಎಲ್ಲ ಸೇರಿ ಜೇಬು ಸುಡುತ್ತೆ, ಬೀದರ್ ರಸ್ತೆಯಲ್ಲಿ ಕೆಟ್ಟರೆ ಬದಲಿ ಸಿಗಲ್ಲ.

ಎರಡು ಪಂಪಿನ ಬಗ್ಗೆ ನನಗೆ ಒಂದು ಅನುಮಾನ ಸದಾ ಇದೆ. ನಮ್ಮ ಕೆಲಸದಲ್ಲಿ ಸ್ಟ್ಯಾಂಡ್‌ಬೈ ಸರ್ವರ್ ಅಂತ ಇಟ್ಟಿರ್ತೀವಲ್ಲ, ವರ್ಷಗಟ್ಟಲೆ ಯಾರೂ ಟೆಸ್ಟ್ ಮಾಡಿರಲ್ಲ, ಬೇಕಾದ ರಾತ್ರಿ ಅದು ಎದ್ದೇಳಲ್ಲ. ಎರಡನೇ ಪಂಪ್ ಹಾಗೇ. ಊರಲ್ಲಿ ಓಡಾಡುವಾಗ ಅದರ ಅಗತ್ಯವೇ ಬೀಳಲ್ಲ, ಅದರ ರಿಲೇ ಸತ್ತಿದ್ದರೂ ಕಾರು ಬೆಣ್ಣೆ ಥರ ಓಡುತ್ತೆ. ಗೊತ್ತಾಗೋದು ಫುಲ್ ಬೂಸ್ಟ್‌ನಲ್ಲಿ, ಪಿಸ್ಟನ್ ಹೋದ ಮೇಲೆ. ಎರಡು ಪಂಪ್ ಹಾಕಲೇಬೇಕು ಅಂದರೆ ಪ್ರತಿಯೊಂದಕ್ಕೂ ಚೆಕ್ ವಾಲ್ವ್ ಇರಲಿ, ಇಲ್ಲದಿದ್ದರೆ ನಿಂತಿರೋ ಪಂಪಿನ ಮೂಲಕ ಪೆಟ್ರೋಲ್ ಹಿಂದಕ್ಕೆ ಹೋಗುತ್ತೆ. ಆಗಾಗ ಎರಡನೆಯದನ್ನ ಕೈಯಾರೆ ಆನ್ ಮಾಡಿ ಎಷ್ಟು ಆಂಪಿಯರ್ ಎಳೆಯುತ್ತೆ ನೋಡಿ.

ಯಾವ ದಾರಿ ಹಿಡಿದರೂ ಬಿಡಬಾರದ ಒಂದು ವಸ್ತು ಫ್ಯೂಯಲ್ ಪ್ರೆಶರ್ ಸೆನ್ಸರ್, ಅದೂ ಇಸಿಯುಗೆ ಜೋಡಿಸಿದ್ದು. ಡ್ಯಾಶ್‌ಬೋರ್ಡಿನ ಮೀಟರ್ ಸಾಲದು, ಬೂಸ್ಟ್‌ನಲ್ಲಿರುವಾಗ ಕಣ್ಣು ರಸ್ತೆ ಮೇಲಿರಬೇಕು. ರೇಲ್ ಪ್ರೆಶರ್‌ನಿಂದ ಬೂಸ್ಟ್ ಕಳೆದರೆ ಯಾವಾಗಲೂ 3 ಬಾರ್ ಉಳಿಯಬೇಕು. ಅದು 2.7ಕ್ಕಿಂತ ಕೆಳಗೆ ಹೋದರೆ ಇಸಿಯು ತಾನೇ ಬೂಸ್ಟ್ ಬಿಟ್ಟು ಎಂಜಿನ್ ಕಟ್ ಮಾಡಬೇಕು. ಅಲರ್ಟ್ ಕಳಿಸಿ ಯಾರಾದ್ರೂ ನೋಡ್ತಾರೆ ಅಂತ ಕೂರೋ ಕೆಲಸ ಇಲ್ಲಿ ನಡೆಯಲ್ಲ.

ಎಥನಾಲ್ ಆಸೆ ಇರೋರಿಗೆ ಎರಡು ಮಾತು. 2024ರ ಮಾರ್ಚ್‌ನಲ್ಲಿ ಇಂಡಿಯನ್ ಆಯಿಲ್ ಕರ್ನಾಟಕ, ಮಹಾರಾಷ್ಟ್ರ ಸೇರಿ ಐದು ಕಡೆ 183 ಬಂಕುಗಳಲ್ಲಿ ಎಥನಾಲ್ 100 ಶುರು ಮಾಡಿತು. ನಾಕ್ ತಡೆಯೋಕೆ ಅದ್ಭುತ, ಆದರೆ ಲೀಟರ್ ಲೆಕ್ಕದಲ್ಲಿ ಪೆಟ್ರೋಲಿಗಿಂತ ಒಂದೂವರೆ ಪಟ್ಟು ಬೇಕು. ನಮ್ಮ 235 ಆಗ 330 ದಾಟುತ್ತೆ, ಅದೂ 4.7 ಬಾರ್‌ನಲ್ಲಿ. ಅಲ್ಲಿಗೆ 450 ವರ್ಗದ ಪಂಪು, ದೊಡ್ಡ ರಿಟರ್ನ್ ಲೈನ್, ಬೇರೆ ಇಂಜೆಕ್ಟರ್. ಹೈವೇಯಲ್ಲಿ ಮುಂದಿನ ಬಂಕಿನಲ್ಲಿ ಸಿಗುತ್ತಾ ಅನ್ನೋ ಖಾತ್ರಿ ಇಲ್ಲದ ಇಂಧನಕ್ಕೆ ಇಷ್ಟು ಖರ್ಚು ನನಗೆ ಸರಿ ಕಾಣಲಿಲ್ಲ. ಇ20ಗೂ ಪೈಪು ನೋಡಿಯೇ ಹಾಕಿ. ಟ್ಯಾಂಕಿನ ಒಳಗೆ ಮುಳುಗೋ ತುಂಡಿಗೆ ಎಸ್‌ಎಇ 30ಆರ್10 ದರ್ಜೆಯ ಹೋಸೇ ಬೇಕು, ಸಾಮಾನ್ಯ ಹೋಸ್ ಒಳಗೂ ಹೊರಗೂ ನೆನೆದು ಉಬ್ಬಿ ಬಿಚ್ಚಿಕೊಳ್ಳುತ್ತೆ.

ಕಾನೂನಿನ ವಿಷಯ ಚುಟುಕಾಗಿ: 2019ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ, ತಯಾರಕರ ವಿವರಕ್ಕಿಂತ ಭಿನ್ನವಾಗಿ ವಾಹನ ಬದಲಾಯಿಸೋಕೆ ಅವಕಾಶ ತುಂಬಾ ಸಣ್ಣದು. ಆರ್‌ಟಿಓ, ಇನ್ಶೂರೆನ್ಸ್ ಎರಡನ್ನೂ ಕೈ ಹಾಕುವ ಮೊದಲು ವಿಚಾರಿಸಿ.

ಗೆಳೆಯನ ಕಾರಿಗೆ ಕೊನೆಗೆ ಹಾಕಿದ್ದು 340 ವರ್ಗದ ಒಂದೇ ಪಂಪು, ಟ್ಯಾಂಕಿನೊಳಗೆ, ಹಳೆಯದರ ಜಾಗದಲ್ಲೇ. 4.7 ಬಾರ್‌ನಲ್ಲಿ ಅದರ ಗ್ರಾಫ್ 250ರ ಮೇಲೆ ಇತ್ತು, ನಮಗೆ ಬೇಕಾದ್ದು 235. ಹೊಸ ವೈರು, ರಿಲೇ, ಹೊಂದಿಸಬಹುದಾದ ರೆಗ್ಯುಲೇಟರ್, ಸೆನ್ಸರ್. 500ರ ಮೇಲೆ ಇನ್ನು ಬೆಳೆಯೋಕೆ ಜಾಗ ಇಲ್ಲ, ಅದು ಅವನಿಗೂ ಗೊತ್ತು. ಕಾಲು ಟ್ಯಾಂಕಿಗಿಂತ ಕಮ್ಮಿ ಇರುವಾಗ ಬೂಸ್ಟ್ ಹಾಕಲ್ಲ ಅಂತ ಮಾತು ಕೊಟ್ಟಿದ್ದಾನೆ, ಇಸಿಯುನಲ್ಲೂ ಹಾಗೇ ಬರೆದಿಟ್ಟಿದೀವಿ. ಡೈನೋ ಮೇಲೆ ಫುಲ್ ಲೋಡಿನಲ್ಲಿ ಬೂಸ್ಟ್ ಕಳೆದ ಪ್ರೆಶರ್ 2.95ರ ಕೆಳಗೆ ಇಳಿಯಲಿಲ್ಲ. ಅದಾದ ಮೇಲೆ ಎಸಿ ಹಾಕಿ ಮುಕ್ಕಾಲು ಗಂಟೆ ಐಡಲ್‌ನಲ್ಲಿ ನಿಲ್ಲಿಸಿ ಮತ್ತೆ ಎಳೆದೆವು, ಆಗ 2.9. ನನಗೆ ಬೇಕಾಗಿದ್ದ ಸಂಖ್ಯೆ ಆ ಎರಡನೆಯದು.