ಟೈಲ್ಸ್ ಹಿಂದಿನ ಗೋಡೆ ನೋಡಿದ್ದೀರಾ?

ಪುಣೆ, ಮುಂಬೈ, ಹೈದರಾಬಾದ್‌ನಲ್ಲಿ ಹಳೇ ಫ್ಲ್ಯಾಟ್ ಕೊಂಡು ಬಾತ್‌ರೂಮ್ ಹೊಸದು ಮಾಡಿಸೋಕೆ ಹೊರಟವರಿಗೆ ಇವತ್ತಿನ ಮಾತು. ಟೈಲ್ಸ್ ಬಣ್ಣ ಆರಿಸೋಕೆ ಮೂರು ಶನಿವಾರ ಅಂಗಡಿ ಸುತ್ತುತ್ತೀವಿ. ಅದರ ಹಿಂದಿನ ಗೋಡೆಗೆ ಏನು ಬಳೀತಾರೆ ಅಂತ ನೋಡೋಕೆ ಅರ್ಧ ದಿನ ರಜೆ ಹಾಕಲ್ಲ.

ಟೈಲ್ಸ್ ಮೂಲಕ ನೀರು ಹೋಗಲ್ಲ ನಿಜ. ಆದರೆ ನಡುವಿನ ಸಿಮೆಂಟ್ ಗ್ರೌಟ್ ನೀರು ಹೀರುತ್ತೆ, ಮೂಲೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟೈಲ್ಸ್ ಬರೀ ಯುಐ. ನೀರು ತಡೆಯೋದು ಹಿಂದಿನ ಪದರ. ಅದಿಲ್ಲದಿದ್ದರೆ ಪಕ್ಕದ ಬೆಡ್‌ರೂಮ್ ಗೋಡೆಯ ಪೇಂಟ್ ಉಬ್ಬುತ್ತೆ, ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಕಲೆ ಮೂಡುತ್ತೆ. ಆಮೇಲೆ ಲಿಫ್ಟ್‌ನಲ್ಲಿ ಕೆಳಮನೆಯ ಕಾಕೂ ಸಿಕ್ಕರೆ ಮೊಬೈಲ್ ನೋಡ್ತಾ ನಿಲ್ಲಬೇಕು.

ಕೊಟೇಶನ್‌ನಲ್ಲಿ 'ವಾಟರ್‌ಪ್ರೂಫಿಂಗ್ ಸಹಿತ' ಅಂತ ಒಂದು ಸಾಲು ಇರುತ್ತೆ. ನನಗೆ ಬಂದದ್ದರಲ್ಲೂ ಇತ್ತು. ವಿಚಾರಿಸಿದರೆ, ಪ್ಲಾಸ್ಟರ್‌ಗೆ ಬೆರೆಸೋ ಲಿಕ್ವಿಡ್ ಅಷ್ಟೇ! ಅದು ಪ್ಲಾಸ್ಟರ್ ಗುಣ ಸುಧಾರಿಸುತ್ತೆ, ಮೇಲಿನ ಕೋಟಿಂಗ್‌ಗೆ ಬದಲಿ ಅಲ್ಲ. ಯಾವ ಕೋಟಿಂಗ್, ಎಷ್ಟು ಕೋಟ್, ಎಷ್ಟು ಅಡಿ ಎತ್ತರ ಅಂತ ಬರೆಸಿಕೊಳ್ಳಿ.

ಹಳೇ ಟೈಲ್ಸ್ ಕಿತ್ತ ಮೇಲೆ ಗೋಡೆ ತಟ್ಟಿ ನೋಡಿ. ಪೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಕೆಡವಿ ಹೊಸದು ಮಾಡಿಸಬೇಕು, ಅದೂ ಸಿಮೆಂಟ್‌ದೇ. ಜಿಪ್ಸಮ್ ನೆಂದರೆ ಮೆತ್ತಗಾಗುತ್ತೆ. ಕಾಂಕ್ರೀಟ್ ಕಂಬಕ್ಕೆ ಇಟ್ಟಿಗೆ ಗೋಡೆ ಸೇರೋ ಜಾಗದಲ್ಲಿ ಪ್ಲಾಸ್ಟರ್ ಒಳಗೆ ಜಾಲರಿ ಹಾಕಿಸಿ, ಬಿರುಕು ಹೆಚ್ಚಾಗಿ ಬರೋದೇ ಅಲ್ಲಿ. ಗೋಡೆಯೊಳಗಿನ ಪೈಪ್ ಮುಚ್ಚೋ ಮುಂಚೆ ಪ್ರೆಷರ್ ಟೆಸ್ಟ್ ಆಗಲೇಬೇಕು. ಹೊಸ ಪ್ಲಾಸ್ಟರ್‌ಗೆ ಕನಿಷ್ಠ 7 ದಿನ ನೀರು ಹಾಕಿಸಿ. ಎರಡನೇ ದಿನಕ್ಕೇ ಮಿಸ್ತ್ರಿ 'ಸಾಬ್, ಸೂಖ್ ಗಯಾ' ಅಂತಾರೆ, ಒಪ್ಪಬೇಡಿ.

ಕೋಟಿಂಗ್‌ಗೆ ನಾನು ಹೇಳೋದು ಪಾಲಿಮರ್-ಸಿಮೆಂಟ್: ಹಾಲಿನಂಥ ದ್ರವ, ಜೊತೆಗೆ ಒಂದು ಪುಡಿ. ಪ್ಯಾಕ್ ಮೇಲಿನ ಅಳತೆಯಲ್ಲೇ ಕಲಸಬೇಕು. ಬ್ರಷ್ ಸಲೀಸಾಗಿ ಓಡಲಿ ಅಂತ ಚೊಂಬಿನಲ್ಲಿ ನೀರು ಸುರಿದರೆ ಅಲ್ಲಿಗೇ ಪದರ ಕೆಟ್ಟಂತೆ. ಗೋಡೆ ಒದ್ದೆಯಾಗಿರಬೇಕು, ನೀರು ಸೋರ್ತಾ ಇರಬಾರದು. ಮೊದಲ ಕೋಟ್ ಮೇಲಿಂದ ಕೆಳಗೆ, ಎರಡನೇದು ಅಡ್ಡಡ್ಡ. ಹಾಗಾದರೆ ಸಣ್ಣ ತೂತುಗಳು ಮುಚ್ಚಿಕೊಳ್ತವೆ. ಗೋಡೆ-ನೆಲ ಸೇರೋ ಮೂಲೆಗೆ ಗಾರೆ ತುಂಬಿ ದುಂಡಗೆ ಮಾಡಿಸಿ, ಎರಡು ಕೋಟ್ ನಡುವೆ ಫೈಬರ್ ಜಾಲರಿ ಪಟ್ಟಿ ಇಡಿಸಿ. ಪೈಪ್ ಹೊರಬರೋ ಬಾಯಿಯ ಸುತ್ತಲೂ ಬಳಿಯಲಿ.

ಎತ್ತರದ ವಿಷಯದಲ್ಲಿ ಜಗಳಕ್ಕೂ ಸಿದ್ಧರಾಗಿ. ಎಷ್ಟೋ ಕಡೆ ಒಂದು ಅಡಿಗೆ ನಿಲ್ಲಿಸ್ತಾರೆ. ಉಳಿದ ಗೋಡೆಗೆ ಅದು ನಡೆದೀತು. ಶವರ್ ಜಾಗದಲ್ಲಿ ಶವರ್ ತಲೆಗಿಂತ ಮೇಲಕ್ಕೆ, ಸುಮಾರು 7 ಅಡಿವರೆಗೆ ಬೇಕು.

ನೆಲದಲ್ಲಿ ನೀರು ನಿಲ್ಲಿಸಿ 48 ಗಂಟೆ ನೋಡೋ ಟೆಸ್ಟ್ ಎಲ್ಲರಿಗೂ ಗೊತ್ತು. ಮಾಡಿಸಿ, ಆದರೆ ಅದು ಪರೀಕ್ಷೆ ಮಾಡೋದು ನೆಲವನ್ನ. 7 ಅಡಿ ಗೋಡೆಗೆ ಅಂಥ ಸುಲಭದ ಟೆಸ್ಟ್ ಇಲ್ಲ, ನಮ್ಮ ಕಣ್ಣೇ ಟೆಸ್ಟ್. ಪ್ರತಿ ಕೋಟ್ ಆದಾಗ ಖುದ್ದು ಹೋಗಿ ಟಾರ್ಚ್ ಬಿಟ್ಟು ನೋಡಿ. ಸ್ಟ್ಯಾಂಡಪ್ ಮೀಟಿಂಗ್ ಒಂದು ದಿನ ತಪ್ಪಿದರೆ ಏನೂ ಆಗಲ್ಲ. ಕೋಟಿಂಗ್ ಆದ ಮೇಲೆ ಗೋಡೆಗೆ ಉಳಿ ಮುಟ್ಟಿಸಬಾರದು. ಗೀಸರ್, ಮಿಕ್ಸರ್ ಎಲ್ಲಿ ಅನ್ನೋದು ಮೊದಲೇ ತೀರ್ಮಾನ ಆಗಿರಲಿ.

ಟೈಲ್ಸ್ ಅಂಟಿಸೋಕೆ ಬರೀ ಸಿಮೆಂಟ್ ಪೇಸ್ಟ್ ಬೇಡ. ವಿಟ್ರಿಫೈಡ್ ಟೈಲ್ಸ್ ಹೆಚ್ಚುಕಮ್ಮಿ ನೀರನ್ನೇ ಹೀರಲ್ಲ, ಸಿಮೆಂಟ್ ಹಿಡಿಯೋದು ಕಷ್ಟ. ಟೈಲ್ ಅಡ್ಹೆಸಿವ್ ತರಿಸಿ, ನಾಲ್ಕು ಮೂಲೆಗೆ ಉಂಡೆ ಇಡದೆ ಇಡೀ ಟೈಲ್ ಹಿಂದೆ ಹರಡೋಕೆ ಹೇಳಿ. ಕೊನೆಗೆ ಶವರ್ ಹೋಲ್ಡರ್, ಸೋಪ್ ಸ್ಟ್ಯಾಂಡ್‌ಗೆ ಡ್ರಿಲ್ ಮಾಡಲೇಬೇಕಾದರೆ, ಸ್ಕ್ರೂ ಹಾಕೋ ಮುಂಚೆ ತೂತಿಗೆ ಸಿಲಿಕೋನ್ ತುಂಬಿಸಿ.