ಕಿವಿಯಲ್ಲಿ ಪಿಸುಗುಟ್ಟುವ ಮಾತು



ಪ್ರಾರ್ಥನೆಗೆಂದು ಮೊಣಕಾಲೂರಿದ ಹೊತ್ತಿಗೇ ಬಾಯಲ್ಲಿ ಹೇಳಲಾಗದಂಥ ಒಂದು ಯೋಚನೆ ನಿಮ್ಮ ತಲೆಗೆ ನುಗ್ಗಿದ್ದುಂಟೇ? ದೇವರನ್ನೇ ಬೈಯುವಂಥದ್ದು, ಇಲ್ಲವೇ ಆತನು ನಿನ್ನ ಕೈಬಿಟ್ಟಾಯಿತು ಎನ್ನುವಂಥದ್ದು? ಊರಿನಲ್ಲಾಗಿದ್ದರೆ ಅಮ್ಮನಿಗೋ ಅಕ್ಕನಿಗೋ ಹೇಳಬಹುದಿತ್ತು. ಇಲ್ಲಿ ಮುಂಬಯಿಯ ಚಾಳಿನಲ್ಲೋ ಪುಣೆಯ ಬಾಡಿಗೆ ಕೋಣೆಯಲ್ಲೋ ಯಾರಿಗೆ ಹೇಳುತ್ತೀರಿ? ಇಂಥ ಯೋಚನೆ ಬಂದ ಮೇಲೆ ನನ್ನ ವಿಶ್ವಾಸವೇ ಸುಳ್ಳು ಎಂದು ಒಬ್ಬರೇ ಕೊರಗುತ್ತೀರಿ.

ಇಂಗ್ಲೆಂಡಿನ ಬೆಡ್‌ಫರ್ಡ್ ಬಳಿ 1628ರಲ್ಲಿ ಹುಟ್ಟಿದ ಜಾನ್ ಬನ್ಯನ್ ಹೀಗೆಯೇ ಕೊರಗಿದವನು. ತೂತುಬಿದ್ದ ಪಾತ್ರೆಗಳನ್ನು ಸರಿಮಾಡುವುದು ಅವನ ಕಸುಬು. 'ಯಾತ್ರಿಕನ ಸಂಚಾರ' ಬರೆದವನೆಂದರೆ ನಿಮ್ಮಲ್ಲಿ ಹಲವರಿಗೆ ಗುರುತು ಸಿಕ್ಕೀತು. 1666ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಅವನು ಏನನ್ನೂ ಮುಚ್ಚಿಟ್ಟಿಲ್ಲ. ಕ್ರಿಸ್ತನನ್ನು ಮಾರಿಬಿಡು ಎಂಬ ಒಂದೇ ಯೋಚನೆ ಸುಮಾರು ಒಂದು ವರ್ಷ ಅವನ ಬೆನ್ನುಹತ್ತಿತ್ತು. ಊಟಕ್ಕೆ ಕೂತರೆ ನೆಮ್ಮದಿಯಾಗಿ ಉಣ್ಣಲಾರ. ಎದ್ದು ಪ್ರಾರ್ಥಿಸಲು ಓಡಬೇಕು. ಆ ಯೋಚನೆಯನ್ನು ಮೊಣಕೈಯಿಂದ ತಳ್ಳುವವನಂತೆ ಅವನ ಮೈಯೂ ಅಲುಗುತ್ತಿತ್ತಂತೆ. ಕಡೆಗೊಂದು ದಿನ ದಣಿದು, ಹೋದರೆ ಹೋಗಲಿ ಎಂಬ ಭಾವ ಮನಸ್ಸಿನಲ್ಲಿ ಸುಳಿಯಿತು. ಅಷ್ಟಕ್ಕೇ ತಾನು ಕೆಟ್ಟೆನೆಂದು ಎರಡು ವರ್ಷಕ್ಕೂ ಮಿಕ್ಕಿ ನರಳಿದ.

ಗಮನಿಸಿ, ಅವನನ್ನು ಹೆಚ್ಚು ಚುಚ್ಚಿದ್ದೂ ದೇವರ ವಾಕ್ಯವೇ. ಚೊಚ್ಚಲತನದ ಹಕ್ಕನ್ನು ಮಾರಿಕೊಂಡ ಏಸಾವನ ಬಗ್ಗೆ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿರುವ ಮಾತನ್ನು ತನಗೇ ಅಂಟಿಸಿಕೊಂಡಿದ್ದ. ಸತ್ಯವೇದವನ್ನು ಎಲ್ಲೋ ಒಂದು ಕಡೆ ತೆರೆದು, ಕಣ್ಣಿಗೆ ಬಿದ್ದ ಒಂದೇ ಸಾಲನ್ನು ತಮ್ಮ ಮೇಲಿನ ತೀರ್ಪೆಂದು ಓದುವವರು ಇಂದಿಗೂ ಇದ್ದಾರೆ. ಈ ಪದ್ಧತಿ ನನಗೆ ಸರಿಕಾಣುವುದಿಲ್ಲ. ಇಡೀ ಅಧ್ಯಾಯ ಓದಿ.

ಬನ್ಯನನನ್ನು ಎತ್ತಿದ್ದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 12ನೆಯ ಅಧ್ಯಾಯ. ಪೌಲನು ತನ್ನ ಶರೀರದ ಮುಳ್ಳು ತೆಗೆಯೆಂದು ಮೂರು ಸಲ ಬೇಡಿದಾಗ ಕೃಪೆಯೇ ಸಾಕೆಂಬ ಉತ್ತರ ಬಂತಲ್ಲ, ಅದೇ. ಮೊದಲು ಆ ವಾಕ್ಯ ಬನ್ಯನನಿಗೆ ಅರ್ಧವಷ್ಟೇ ನೆನಪಾಗುತ್ತಿತ್ತು. 'ನಿನಗೆ' ಎಂಬ ಪದ ಮಾತ್ರ ಬರುತ್ತಿರಲಿಲ್ಲ. ಕೃಪೆ ಸಾಕು, ಸರಿ, ಆದರೆ ಯಾರಿಗೆ? ವಾರಗಟ್ಟಲೆ ಆ ಒಂದು ಪದಕ್ಕಾಗಿ ಬೇಡಿಕೊಂಡ. ಸಭೆಯಲ್ಲಿ ಕೂತಿದ್ದಾಗ ಒಂದು ದಿನ ವಾಕ್ಯ ಪೂರ್ತಿಯಾಗಿ ಬಂತು. ಅನಂತರ ಏಸಾವನ ವಾಕ್ಯವೂ ಇದೂ ಅವನ ಮನಸ್ಸಿನಲ್ಲಿ ಎದುರುಬದುರಾದಾಗ, ಹಿಂದೆ ಸರಿದದ್ದು ಏಸಾವನದು.

1678ರ 'ಯಾತ್ರಿಕನ ಸಂಚಾರ'ದಲ್ಲಿ ಇದರ ಫಲ ಕಾಣುತ್ತದೆ. ಮರಣದ ನೆರಳಿನ ಕಣಿವೆಯಲ್ಲಿ ದುರಾತ್ಮವೊಂದು ಯಾತ್ರಿಕನ ಹಿಂದೆ ಬಂದು ದೇವದೂಷಣೆಯನ್ನು ಪಿಸುಗುಟ್ಟುತ್ತದೆ. ಪಾಪ, ಅವನು ಅದು ತನ್ನ ಮನಸ್ಸಿನಿಂದಲೇ ಹುಟ್ಟಿತೆಂದು ತಿಳಿಯುತ್ತಾನೆ! ಬಂದ ಯೋಚನೆ ಬೇರೆ, ಒಪ್ಪಿಕೊಂಡ ಯೋಚನೆ ಬೇರೆ. ಅಷ್ಟರಲ್ಲಿ ಆ ಕತ್ತಲೆಯಲ್ಲಿ ಮುಂದೆ ಯಾರೋ 23ನೆಯ ಕೀರ್ತನೆಯ ಮಾತನ್ನು ಹೇಳುತ್ತಾ ಹೋಗುವುದು ಕೇಳಿಸುತ್ತದೆ. ಮುಖ ಕಾಣದು, ದನಿಯಷ್ಟೇ. ಈ ಕಣಿವೆಯಲ್ಲಿ ದೇವಭಯವುಳ್ಳವರು ಇನ್ನೂ ಇದ್ದಾರಲ್ಲ ಎಂದು ಅವನಿಗೆ ಸಂತೋಷವಾಗುತ್ತದೆ.

ಆದ್ದರಿಂದ ಇಂದು ರಾತ್ರಿ ಆ ಕೀರ್ತನೆಯನ್ನು ಕನ್ನಡದಲ್ಲೇ ಗಟ್ಟಿಯಾಗಿ ಓದಿ. ನಂಬಿಕೆಯುಳ್ಳ ಒಬ್ಬರಿಗೆ, ನಿಮ್ಮ ಪಾಸ್ಟರಿಗೋ ಹಿರಿಯರಿಗೋ, ಯೋಚನೆ ಹೇಗಿದೆಯೋ ಹಾಗೇ ಹೇಳಿ. ಎಲೀಯನು ಸಾಯಬೇಕೆಂದು ಕೇಳಿಕೊಂಡಾಗ ದೇವದೂತನು ಬೋಧನೆ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟನು. ರಾತ್ರಿಪಾಳಿ ಮಾಡುವವರು ಇದನ್ನು ಮರೆಯಬೇಡಿ. ನಿದ್ದೆಯೇ ಬಾರದಿದ್ದರೆ, ಬದುಕು ಬೇಡವೆನಿಸಿದರೆ, ವೈದ್ಯರನ್ನು ಕಾಣುವುದು ಅವಿಶ್ವಾಸವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. ಸಂಖ್ಯೆ 14416, ಹಗಲೂ ರಾತ್ರಿ, ಕನ್ನಡದಲ್ಲೂ ಮಾತಾಡಬಹುದು.